ಓರೆ ತೂತಿನ ಕೆಲಸ: ವಿಂಡ್ಸರ್ ಕುರ್ಚಿ ಕಟ್ಟಿದ ಅನುಭವ

ವಿಂಡ್ಸರ್ ಕುರ್ಚಿಯನ್ನು ನೀವು ಎಲ್ಲಾದರೂ ನೋಡಿಯೇ ಇರುತ್ತೀರಿ, ಹೆಸರು ಗೊತ್ತಿಲ್ಲದಿರಬಹುದು. ದಪ್ಪ ಹಲಗೆಯ ಸೀಟು, ಹೊರಕ್ಕೆ ಚಾಚಿಕೊಂಡ ಕಡೆದ ಕಾಲುಗಳು, ಬೆನ್ನಿಗೆ ಒಂದು ಕಮಾನು, ಅದರೊಳಗೆ ಸಾಲಾಗಿ ನಿಂತ ತೆಳ್ಳನೆಯ ಕಡ್ಡಿಗಳು. ಬೇರೆ ಮರದ ಕುರ್ಚಿಗಳಲ್ಲಿ ಸಾಮಾನ್ಯವಾಗಿ ಹಿಂದಿನ ಕಾಲೇ ಮೇಲಕ್ಕೆ ಹೋಗಿ ಬೆನ್ನಿನ ಚೌಕಟ್ಟಾಗುತ್ತದೆ. ಇದರಲ್ಲಿ ಕಾಲು ಕೆಳಗಿನಿಂದ ಬಂದು ಸೀಟಿಗೆ ನಾಟಿಕೊಳ್ಳುತ್ತದೆ, ಕಡ್ಡಿ ಮೇಲಿನಿಂದ ಬಂದು ಅದೇ ಸೀಟಿಗೆ ನಾಟಿಕೊಳ್ಳುತ್ತದೆ. ಕುರ್ಚಿಯ ಅಂದ, ಬಲ, ಬಾಳಿಕೆ ಎಲ್ಲವೂ ಆ ಹಲಗೆಯಲ್ಲಿ ಕೊರೆದ ತೂತುಗಳ ಮೇಲೆ ನಿಂತಿದೆ. ಆ ತೂತುಗಳಲ್ಲಿ ನೆಟ್ಟಗಿರುವುದು ಒಂದೂ ಇಲ್ಲ. ಅವನ್ನು ಕೊರೆಯಲು ಕಲಿತ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ಬಡಗಿ ಕೆಲಸದಲ್ಲಿ ಆಸೆಯಿದ್ದೂ ಓರೆ ತೂತು ಎಂದೊಡನೆ ಹಿಂಜರಿಯುವವರಿಗೆ ಇದು ನೆರವಾದೀತು.

ನಾನಿರುವುದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ಇಲ್ಲಿಂದ ಈಶಾನ್ಯಕ್ಕೆ ಸ್ವಲ್ಪ ದೂರ ಹೋದರೆ ಹೈ ವಿಕಮ್ ಎಂಬ ಪಟ್ಟಣ, ಕುರ್ಚಿಗಳಿಂದಲೇ ಬದುಕಿದ ಊರು. 1877ರಲ್ಲಿ ವಿಕ್ಟೋರಿಯಾ ರಾಣಿ ಬಂದಾಗ ಊರಿನವರು ಬೀದಿಗೆ ಅಡ್ಡಲಾಗಿ ಕುರ್ಚಿಗಳನ್ನೇ ಪೇರಿಸಿ ಸ್ವಾಗತದ ಕಮಾನು ಕಟ್ಟಿದ್ದರು. ಊರಿನ ಫುಟ್‌ಬಾಲ್ ತಂಡವನ್ನು ಇವತ್ತಿಗೂ 'ಚೇರ್‌ಬಾಯ್ಸ್' ಎಂದು ಕರೆಯುತ್ತಾರೆ. ಸುತ್ತಲಿನ ಚಿಲ್ಟರ್ನ್ ಗುಡ್ಡಗಳ ಬೀಚ್ ಮರಗಳ ಕಾಡಿನಲ್ಲಿ ಬಾಡ್ಜರ್ ಎಂಬ ಕಸುಬುದಾರರು ಕಾಲಿನಿಂದ ತುಳಿದು ಮರ ಕಡೆಯುವ ಲೇತ್ ಹೂಡಿಕೊಂಡು, ಹಸಿ ಮರದಿಂದ ಕಾಲುಗಳನ್ನು ಕಡೆದು ಊರಿನ ಕಾರ್ಖಾನೆಗಳಿಗೆ ಕಳಿಸುತ್ತಿದ್ದರು. ಬಾಚಿ ಹಿಡಿದು ಸೀಟು ಕೆತ್ತುವವನು ಬೇರೆ. ಎಲ್ಲವನ್ನೂ ಸೇರಿಸಿ ಕುರ್ಚಿ ನಿಲ್ಲಿಸುವವನು ಫ್ರೇಮರ್. ತೂತು ಕೊರೆಯುವ ಕೆಲಸ ಅವನದೇ. ಎದೆಗೆ ಮರದ ಹಲಗೆಯೊಂದನ್ನು ಕಟ್ಟಿಕೊಂಡು, ಕೈಬೈರಿಗೆಯ ತಲೆಯನ್ನು ಅದಕ್ಕೆ ಒತ್ತಿ, ಮೈಭಾರ ಹಾಕಿ ತಿರುಗಿಸುತ್ತಿದ್ದ. ಒಂದೊಂದು ಅಳತೆಯ ಬಿಟ್‌ಗೂ, ಅಂದರೆ ಕೊರೆಯುವ ಅಲಗಿಗೂ, ಒಂದೊಂದು ಬೈರಿಗೆ. ಕೋನಕ್ಕೆ ಕಣ್ಣೇ ಅಳತೆ.

ವರ್ಷಗಟ್ಟಲೆ ದಿನವಿಡೀ ಅದೇ ಕೆಲಸ ಮಾಡಿದವನಿಗೆ ಬರುವ ಕಣ್ಣು ಅದು. ವಾರಾಂತ್ಯದಲ್ಲಿ ಮಾತ್ರ ಉಳಿ ಹಿಡಿಯುವ ನನ್ನಂಥವನಿಗೆ ಕಣ್ಣಿನ ಜೊತೆಗೆ ಆಸರೆಯೂ ಬೇಕು. ವಿಕಮ್ ಹತ್ತಿರದ ಒಂದು ಹಳ್ಳಿಯಲ್ಲಿ ಕೈಕೆಲಸದ ಕುರ್ಚಿ ಮಾಡುವ ಹಿರಿಯರೊಬ್ಬರು ತಮ್ಮ ವರ್ಕ್‌ಶಾಪಿನಲ್ಲಿ ಕೆಲವರಿಗೆ ಕಲಿಸುತ್ತಾರೆ. ಅವರನ್ನು ಮೇಷ್ಟ್ರು ಎಂದೇ ಕರೆಯುತ್ತೇನೆ. ನಾನು ಕಟ್ಟಿದ್ದು ತೋಳಿಲ್ಲದ, ಒಂದೇ ಕಮಾನಿನ, ಏಳು ಕಡ್ಡಿಯ ಕುರ್ಚಿ. ಕಾಲು, ಕಡ್ಡಿ, ಕಮಾನು ಆಶ್ ಮರದ್ದು. ಸೀಟು 45 ಮಿ.ಮೀ. ದಪ್ಪದ ಎಲ್ಮ್. ಎಲ್ಮ್ ಮರದ ಎಳೆಗಳು ಒಂದರೊಳಗೊಂದು ಹೆಣೆದುಕೊಂಡಿರುವುದರಿಂದ ಅಂಚಿನ ಹತ್ತಿರ ತೂತು ಕೊರೆದು ಬೆಣೆ ಹೊಡೆದರೂ ಸುಲಭಕ್ಕೆ ಸೀಳುವುದಿಲ್ಲ. 1970ರ ದಶಕದಲ್ಲಿ ಹಬ್ಬಿದ ರೋಗಕ್ಕೆ ಬ್ರಿಟನ್ನಿನ ಎಲ್ಮ್ ಮರಗಳು ಕೋಟಿಗಟ್ಟಲೆ ಸತ್ತವು. ಈಗ ಅಗಲವಾದ ಒಂದು ಹಲಗೆ ಸಿಕ್ಕರೆ ಅದನ್ನು ಎರಡೂ ಕೈಯಲ್ಲಿ ಹಿಡಿದು ತರುತ್ತಾರೆ. ಅಂಥ ಹಲಗೆಗೆ ತೂತು ಕೊರೆಯುವಾಗ ಮನಸ್ಸಿನಲ್ಲಿ ಗೌರವವೂ ಇರುತ್ತದೆ, ಅಳುಕೂ ಇರುತ್ತದೆ.

ಮೇಷ್ಟ್ರು ಮೊದಲಿಗೆ ಉಪಕರಣ ಮುಟ್ಟಲು ಬಿಡಲಿಲ್ಲ. ಸಿದ್ಧವಾದ ಒಂದು ಕುರ್ಚಿಯನ್ನು ಬೆಂಚಿನ ಮೇಲೆ ಇಟ್ಟು, "ಮುಂದಿನ ಎಡಗಾಲನ್ನೇ ನೋಡುತ್ತಾ ಸುತ್ತ ನಡೆಯಿರಿ" ಎಂದರು. ಎದುರಿನಿಂದ ನೋಡಿದರೆ ಕಾಲು ಪಕ್ಕಕ್ಕೆ ವಾಲಿದೆ. ಪಕ್ಕದಿಂದ ನೋಡಿದರೆ ಮುಂದಕ್ಕೆ ವಾಲಿದೆ. ಇವೆರಡರ ನಡುವೆ ಎಲ್ಲೋ ಒಂದು ಕಡೆ, ಕಣ್ಣನ್ನು ಸೀಟಿನ ಮಟ್ಟಕ್ಕೆ ತಂದು ನಿಂತಾಗ, ಕಾಲು ಎಡಕ್ಕೂ ಇಲ್ಲ ಬಲಕ್ಕೂ ಇಲ್ಲ, ತೂಗುಗುಂಡಿನ ದಾರದ ಹಾಗೆ ನೆಟ್ಟಗೆ ಕಾಣುತ್ತದೆ. ವಾಲು ಎಲ್ಲಿಗೂ ಹೋಗಿಲ್ಲ, ನೇರವಾಗಿ ನಮ್ಮ ಕಡೆಗೇ ವಾಲಿದೆ, ಅಷ್ಟೇ. "ಈಗ ಅಲ್ಲಿಂದ 90 ಡಿಗ್ರಿ ಸುತ್ತಿ ನೋಡಿ" ಎಂದರು. ಅಲ್ಲಿಂದ ಕಾಲಿನ ಪೂರ್ತಿ ವಾಲು ಒಂದೇ ಕೋನವಾಗಿ ಕಂಡಿತು. ಎರಡು ದಿಕ್ಕಿನ ವಾಲನ್ನು ಒಟ್ಟಿಗೆ ಹಿಡಿಯಲು ಒದ್ದಾಡಬೇಕಾಗಿಲ್ಲ. ಸರಿಯಾದ ಜಾಗದಲ್ಲಿ ನಿಂತರೆ ಇರುವುದು ಒಂದೇ ವಾಲು. ನನಗೆ ಈ ಕೆಲಸ ಒಲಿದದ್ದೇ ಆ ಗಳಿಗೆಯಿಂದ. ನಿಮ್ಮ ಮನೆಯಲ್ಲಿ ಕಾಲು ಚಾಚಿದ ಸ್ಟೂಲ್ ಇದ್ದರೂ ಸಾಕು, ಒಮ್ಮೆ ಸುತ್ತಿ ನೋಡಿ.

ಆ ನಿಂತ ಜಾಗದಿಂದ ತೂತಿನ ನಡುವಿಗೆ ಎಳೆದ ಗೆರೆಯೇ ನೋಟದ ಗೆರೆ. ಸೀಟಿನ ತಳಭಾಗದಲ್ಲಿ ಪೆನ್ಸಿಲ್‌ನಿಂದ ಅದನ್ನು ಗುರುತಿಸಿಕೊಳ್ಳಬೇಕು. ನನ್ನ ಕುರ್ಚಿಯ ಮುಂಗಾಲು ಮುಂದಕ್ಕೆ 14 ಡಿಗ್ರಿ, ಪಕ್ಕಕ್ಕೆ 10 ಡಿಗ್ರಿ ವಾಲಬೇಕಿತ್ತು. ಕೂಡಿಸಿದರೆ 24 ಆಗುತ್ತದೆ ಎಂದುಕೊಳ್ಳುವುದು ಸಹಜ. ನಿಜವಾದ ವಾಲು 17 ಡಿಗ್ರಿ, ನೋಟದ ಗೆರೆ ಸೀಟಿನ ಮುಂದಿನಿಂದ ಹಿಂದಕ್ಕೆ ಹೋಗುವ ನಡುಗೆರೆಗೆ 35 ಡಿಗ್ರಿ. ತ್ರಿಕೋನಮಿತಿ ಬಲ್ಲವರಿಗೆ ಇದು ಸುಲಭ: ಎರಡು ಕೋನಗಳ ಟ್ಯಾನ್ ತೆಗೆದು, ವರ್ಗ ಮಾಡಿ ಕೂಡಿಸಿ, ವರ್ಗಮೂಲ ತೆಗೆದರೆ ನಿಜವಾದ ವಾಲಿನ ಟ್ಯಾನ್ ಸಿಗುತ್ತದೆ. ಲೆಕ್ಕ ಬೇಡವೆನ್ನುವವರಿಗೆ ಮೇಷ್ಟ್ರು ಇನ್ನೊಂದು ದಾರಿ ತೋರಿಸಿದರು, ನನಗೆ ಹಿಡಿಸಿದ್ದೂ ಅದೇ. ದೊಡ್ಡ ರಟ್ಟಿನ ಮೇಲೆ ಮೂಲೆಮಟ್ಟ ಇಟ್ಟು ಎರಡು ಗೆರೆ ಹಾಕಿ. ಸೀಟಿನ ಎತ್ತರ 430 ಮಿ.ಮೀ. ಇದ್ದರೆ 14 ಡಿಗ್ರಿಗೆ ಕಾಲಿನ ತುದಿ 107 ಮಿ.ಮೀ. ಮುಂದೆ ಹೋಗುತ್ತದೆ, 10 ಡಿಗ್ರಿಗೆ 76 ಮಿ.ಮೀ. ಪಕ್ಕಕ್ಕೆ ಹೋಗುತ್ತದೆ. ಈ ಎರಡನ್ನೂ ಗುರುತು ಮಾಡಿ ಕರ್ಣ ಎಳೆದರೆ 131 ಮಿ.ಮೀ. ಬರುತ್ತದೆ. ಆ ಕರ್ಣದ ದಿಕ್ಕೇ ನೋಟದ ಗೆರೆ. ಇನ್ನು 131 ಮಿ.ಮೀ. ತಳಕ್ಕೆ, 430 ಮಿ.ಮೀ. ಎತ್ತರಕ್ಕೆ ಇಟ್ಟು ಇನ್ನೊಂದು ತ್ರಿಕೋನ ಬರೆದು, ಅದರ ಓರೆಗೆ ಬೆವೆಲ್ ಗೇಜ್ ಎಂಬ, ಕೋನ ಹಿಡಿದಿಡುವ ಉಪಕರಣದ ಅಲಗನ್ನು ಹೊಂದಿಸಿ ಬಿಗಿ ಮಾಡಿದರೆ ಮುಗಿಯಿತು. ಡಿಗ್ರಿ ಎಷ್ಟು ಎಂದು ಕೇಳುವ ಅಗತ್ಯವೇ ಬೀಳುವುದಿಲ್ಲ. ಹಿಂಗಾಲು ಹಿಂದಕ್ಕೆ 22, ಪಕ್ಕಕ್ಕೆ 10. ಅದಕ್ಕೂ ಹೀಗೆಯೇ ಮಾಡಿದಾಗ ವಾಲು ಸುಮಾರು 24 ಡಿಗ್ರಿ ಬಂತು, ನೋಟದ ಗೆರೆ ನಡುಗೆರೆಗೆ ಇನ್ನೂ ಹತ್ತಿರವಾಯಿತು.

ಸೀಟನ್ನು ಕೆತ್ತುವ ಮೊದಲೇ ಕಾಲಿನ ತೂತು ಕೊರೆದೆವು. ಹಲಗೆ ಎರಡೂ ಕಡೆ ಚಪ್ಪಟೆಯಾಗಿದ್ದಾಗ ಬೆಂಚಿಗೆ ಕ್ಲ್ಯಾಂಪ್ ಹಾಕಿ ಅಲುಗಾಡದಂತೆ ಹಿಡಿಯಬಹುದು, ಬೆವೆಲ್ ನಿಲ್ಲಿಸಲು ಸಮತಟ್ಟಾದ ನೆಲವೂ ಸಿಗುತ್ತದೆ. ತಳ ಮೇಲೆ ಮಾಡಿ ಮಲಗಿಸಿ, ಅಡಿಯಲ್ಲಿ ಒಂದು ರದ್ದಿ ಹಲಗೆ ಕೊಟ್ಟು ಬಿಗಿದೆವು. ಬೆವೆಲನ್ನು ನೋಟದ ಗೆರೆಯ ಮೇಲೆ, ತೂತಿನ ಗುರುತಿಗೆ ಸ್ವಲ್ಪ ಹಿಂದೆ ನಿಲ್ಲಿಸಿ, ಜಾರದಂತೆ ಬ್ಲೂ ಟ್ಯಾಕ್ ಎಂಬ ಮೆತ್ತನೆಯ ಅಂಟು ಹಚ್ಚಿದೆ. ಗೆರೆಯ ಈ ತುದಿಯಲ್ಲಿ ನಿಂತು ನೋಡಿದರೆ ಬಿಟ್‌ನ ಹಿಂದೆ ಬೆವೆಲಿನ ಅಲಗು ಮರೆಯಾಗಬೇಕು. ಮರೆಯಾದರೆ ಎಡಬಲ ಸರಿಯಿದೆ ಎಂದರ್ಥ. ಮುಂದೆ ಹಿಂದೆ ಎಷ್ಟು ವಾಲಿದೆ ಎಂಬುದು ಮಾತ್ರ ಅಲ್ಲಿಂದ ಕಾಣದು. ಅದಕ್ಕೆ ಪಕ್ಕದಲ್ಲಿ ಒಂದು ಕನ್ನಡಿ ನಿಲ್ಲಿಸುತ್ತಾರೆ. ತಲೆ ಅಲುಗಾಡಿಸದೆ ಕಣ್ಣು ಹೊರಳಿಸಿದರೆ ಸಾಕು, ಕನ್ನಡಿಯಲ್ಲಿ ಬಿಟ್ ಮತ್ತು ಬೆವೆಲ್ ಒಂದರ ಪಕ್ಕ ಒಂದು ಕಾಣುತ್ತವೆ. ಅವೆರಡರ ನಡುವಿನ ಬೆಳಕಿನ ಪಟ್ಟಿ ಮೇಲೂ ಕೆಳಗೂ ಒಂದೇ ಅಗಲವಿದ್ದರೆ ವಾಲು ಸರಿ. ಈ ಬೆಳಕಿನ ಪಟ್ಟಿಯನ್ನು ನೋಡುವುದು ಅಭ್ಯಾಸವಾದ ಮೇಲೆ ಅರ್ಧ ಡಿಗ್ರಿ ತಪ್ಪಿದರೂ ಕಣ್ಣಿಗೆ ಚುಚ್ಚುತ್ತದೆ. ಈಗ ಲೇಸರ್ ಗೆರೆ ಬಿಡುವ ಸಾಧನವನ್ನು ಬಳಸುವವರೂ ಇದ್ದಾರೆ. ನನಗೆ ಕನ್ನಡಿಯೇ ಮೇಲು. ಲೇಸರ್ ಬಂದರೆ ನಾವು ನೋಡುವುದು ಕೆಂಪು ಗೆರೆಯನ್ನು. ಕನ್ನಡಿಯಲ್ಲಿ ನೋಡುವುದು ಬಿಟ್‌ನ ಮೈಯನ್ನೇ.

ಬ್ಯಾಟರಿ ಡ್ರಿಲ್ ಅಲ್ಲೇ ಇತ್ತು. ಆದರೂ ಕಾಲಿನ ತೂತಿಗೆ ನಾನು ಬ್ರೇಸ್ ಎಂಬ, ಕೈಯಲ್ಲಿ ತಿರುಗಿಸುವ ಬೈರಿಗೆಯನ್ನು ಆರಿಸಿಕೊಂಡೆ. ಅರ್ಧ ಸುತ್ತಿಗೊಮ್ಮೆ ನಿಲ್ಲಿಸಿ ನೋಡಬಹುದು, ತಿದ್ದಬಹುದು. ಡ್ರಿಲ್‌ನಲ್ಲಿ ನೋಡುವಷ್ಟರಲ್ಲಿ ತೂತು ಆಗಿಬಿಟ್ಟಿರುತ್ತದೆ. ಅದಕ್ಕೆ ಹಾಕುವ ಆಗರ್ ಎಂಬ ಸುರುಳಿ ಬಿಟ್‌ನ ತುದಿಯಲ್ಲಿ ಸಣ್ಣ ಸ್ಕ್ರೂ ಇದೆ, ಅದು ತಾನೇ ಮರದೊಳಕ್ಕೆ ಎಳೆದುಕೊಂಡು ಹೋಗುತ್ತದೆ. ಅದರ ಅಂಚಿನ ಹಲ್ಲುಗಳೇ ತೂತಿನ ಬಾಯಿಯನ್ನು ಕತ್ತರಿಸುವುದು. ಮೊದಲಿಂದಲೇ ಓರೆಯಾಗಿ ಹಿಡಿದರೆ ಒಂದು ಕಡೆಯ ಹಲ್ಲು ಮಾತ್ರ ಮೊದಲು ಕಚ್ಚಿ, ಬಾಯಿ ಕಿತ್ತು ಬರುತ್ತದೆ. ಅದಕ್ಕೇ ಹಲ್ಲುಗಳು ಮರಕ್ಕೆ ವೃತ್ತ ಗೀರುವ ತನಕ ನೆಟ್ಟಗೆ ಹಿಡಿದು, ಆಮೇಲೆ ತಿರುಗಿಸುತ್ತಲೇ ವಾಲಿಸಬೇಕು. ತೀರ್ಥಹಳ್ಳಿ ಕಡೆಯ ನಮ್ಮೂರಲ್ಲಿ ಮನೆಯ ಬಾಗಿಲು, ಕಿಟಕಿ ಮಾಡಿಕೊಟ್ಟ ಆಚಾರ್ರಿಗೆ ವಿಡಿಯೊ ಕಾಲ್‌ನಲ್ಲಿ ಇದನ್ನೆಲ್ಲ ತೋರಿಸಿದ್ದೆ. ಅವರು ಕೇಳಿದ ಮೊದಲ ಪ್ರಶ್ನೆಯೇ ಇದು: "ಬಾಯಿ ನೆಟ್ಟಗೆ ತೆಗೀತೀಯೋ, ಮೊದಲಿಂದ್ಲೇ ಓರೆಯೋ?" ನೆಟ್ಟಗೆ ಎಂದೆ. "ಹಂಗಾದ್ರೆ ಸೈ. ನೇಗಿಲಿಗೆ ಈಸು ಕೂರಿಸೋ ತೂತೂ ಓರೆನೇ ಅಲ್ವನೋ ಮಾರಾಯ. ಅರ್ಧ ಇಂಚು ಇಳಿಯೋದ್ರೊಳಗೆ ತಿದ್ಕೋ, ಆಮೇಲೆ ಅದು ನಿನ್ನ ಮಾತು ಕೇಳೋದಿಲ್ಲ" ಎಂದರು. ಮೇಷ್ಟ್ರು ಹೇಳಿದ್ದೂ ಅದನ್ನೇ. ಬಿಟ್ 10 ಮಿ.ಮೀ.ಗಿಂತ ಆಳಕ್ಕೆ ಇಳಿದ ಮೇಲೆ ಕೋನ ತಿದ್ದಲು ಹೋದರೆ ತೂತು ಬಾಗುತ್ತದೆ, ಬಿಟ್‌ನ ಸೊಂಟವೂ ಬಾಗಬಹುದು.

ತೂತು ಮೇಲ್ಮೈಯಲ್ಲಿ ಎಲ್ಲಿ ಹೊರಬರುತ್ತದೆ ಎಂದು ಮೊದಲೇ ಲೆಕ್ಕ ಹಾಕಿಟ್ಟುಕೊಳ್ಳುವುದು ಒಳ್ಳೆಯದು. 45 ಮಿ.ಮೀ. ದಪ್ಪದಲ್ಲಿ 17 ಡಿಗ್ರಿ ವಾಲಿದರೆ ತೂತಿನ ನಡು ಸುಮಾರು 14 ಮಿ.ಮೀ. ಒಳಕ್ಕೆ ಸರಿದಿರುತ್ತದೆ, ಹಿಂಗಾಲಿಗೆ 20 ಮಿ.ಮೀ. ಮೇಲ್ಮೈಯಲ್ಲಿ ಆ ಜಾಗಕ್ಕೆ ಗುರುತು ಹಾಕಿಟ್ಟರೆ ಬಿಟ್‌ನ ಸ್ಕ್ರೂ ಅಲ್ಲೇ ಮೂತಿ ತೋರಿಸಬೇಕು. ತೋರಿಸಿದೊಡನೆ ನಿಲ್ಲಿಸಿ, ಹಲಗೆ ತಿರುವಿ, ಆ ಚುಕ್ಕೆಯಿಂದಲೇ ಮರುಕೊರೆತ ಮಾಡಿದರೆ ಚೆಕ್ಕೆ ಏಳದೆ ಬಾಯಿ ಚೊಕ್ಕವಾಗಿ ಬರುತ್ತದೆ.

ಇನ್ನೊಂದು ಮಾತು ಮುಖ್ಯ. ಎಡಗಾಲು ಆದ ತಕ್ಷಣ, ಬೆವೆಲ್ ಸಡಿಲಿಸದೆ, ಅದೇ ಕೋನದಲ್ಲಿ ಬಲಗಾಲನ್ನೂ ಕೊರೆಯಬೇಕು. ಎರಡೂ 16 ಡಿಗ್ರಿ ಇದ್ದರೂ ಚೆಂದ, ಎರಡೂ 18 ಇದ್ದರೂ ಚೆಂದ. ಒಂದು 16, ಇನ್ನೊಂದು 18 ಆದರೆ ದಾರಿಹೋಕನೂ ಗುರುತಿಸುತ್ತಾನೆ. ಒಂದು ಡಿಗ್ರಿ ಹೆಚ್ಚುಕಡಿಮೆಯಾದರೆ 450 ಮಿ.ಮೀ. ಉದ್ದದ ಕಾಲಿನ ತುದಿ 8 ಮಿ.ಮೀ. ಸರಿಯುತ್ತದೆ. ನಿಖರತೆ ಎಂದರೆ ಹಾಳೆಯ ಮೇಲಿನ ಅಂಕಿಯನ್ನು ಮುಟ್ಟುವುದು ಎಂದುಕೊಂಡಿದ್ದವನಿಗೆ ಈ ಕೆಲಸ ಬೇರೆಯದನ್ನು ಕಲಿಸಿತು. ಇಲ್ಲಿ ಜೋಡಿಗೆ ಜೋಡಿ ಹೊಂದುವುದೇ ನಿಖರತೆ.

ಹಳೆಯ ವಿಕಮ್ ಕುರ್ಚಿಗಳಲ್ಲಿ ಕಾಲಿನ ತೂತು ಸಾಮಾನ್ಯವಾಗಿ ಉದ್ದಕ್ಕೂ ಒಂದೇ ಅಗಲದ್ದು. ಮೇಷ್ಟ್ರು ಕಲಿಸಿದ್ದು ಅಮೆರಿಕದ ವಿಂಡ್ಸರ್ ಕಸುಬುದಾರರು ಹೆಚ್ಚು ಬಳಸುವ ಪದ್ಧತಿ: ತೂತು ಕೆಳಗೆ ಅಗಲ, ಮೇಲೆ ಕಿರಿದು, ಕಾಲಿನ ತುದಿಯೂ ಅದೇ ಇಳಿಜಾರಿನಲ್ಲಿ ಕಡೆದದ್ದು. ಕೂತವರ ಭಾರ ಬಿದ್ದಷ್ಟೂ ಕಾಲು ಬಿಗಿಯಾಗುತ್ತದೆ. 16 ಮಿ.ಮೀ. ತೂತು ಕೊರೆದು, ಬಳಿಕ ರೀಮರ್ ಎಂಬ ಮೊನೆಚೂಪಾದ ಉಪಕರಣದಿಂದ ಅದನ್ನು ಇಳಿಜಾರು ಮಾಡುತ್ತೇವೆ. ರೀಮರ್ ಮೇಲೆ ನನಗೆ ವಿಶೇಷ ಪ್ರೀತಿ ಹುಟ್ಟಿದ್ದಕ್ಕೆ ಕಾರಣವಿದೆ. ಕೊರೆತದಲ್ಲಿ ಉಳಿದ ಒಂದೆರಡು ಡಿಗ್ರಿ ಕೊರತೆಯನ್ನು ಇದು ತಿದ್ದಿಕೊಡುತ್ತದೆ. ಮೂರು ನಾಲ್ಕು ಸುತ್ತು ತಿರುಗಿಸು, ಹೊರತೆಗೆ, ಅದೇ ಇಳಿಜಾರಿನ ತುದಿಯಿರುವ ಪರೀಕ್ಷೆಯ ಕೋಲನ್ನು ಹಾಕು, ನೋಟದ ಗೆರೆಯಲ್ಲಿ ನಿಂತು ನೋಡು, ಬೆವೆಲ್ ಇಟ್ಟು ನೋಡು. ಕೋಲು ಎತ್ತ ವಾಲಬೇಕೋ ಅತ್ತ ರೀಮರಿನ ಹಿಡಿಯನ್ನು ತುಸು ಒತ್ತಿ ಮತ್ತೆ ತಿರುಗಿಸು. ನನ್ನ ಬಲ ಹಿಂಗಾಲಿನ ತೂತು ಒಂದು ಡಿಗ್ರಿ ನೆಟ್ಟಗಾಗಿತ್ತು, ಹೀಗೇ ಸ್ವಲ್ಪ ಸ್ವಲ್ಪವಾಗಿ ತನ್ನ ಜೋಡಿಯ ಸಮಕ್ಕೆ ಬಂತು.

ಆದರೆ ರೀಮರಿಗೆ ಆತುರ ಆಗದು. ನಮ್ಮದು 6 ಡಿಗ್ರಿಯ ಇಳಿಜಾರು. ಅದರಲ್ಲಿ ತೂತಿನ ಅಗಲ 0.1 ಮಿ.ಮೀ. ಹೆಚ್ಚಿದರೆ ಕಾಲು ಹತ್ತಿರಹತ್ತಿರ 1 ಮಿ.ಮೀ. ಒಳಗಿಳಿಯುತ್ತದೆ. ಕೋನ ತಿದ್ದುವ ಆಸೆಯಲ್ಲಿ ಸುತ್ತುತ್ತಾ ಹೋದರೆ ಆಳ ಕೈತಪ್ಪುತ್ತದೆ. ಆದ್ದರಿಂದ ಕೋನ ತಿದ್ದುವುದೆಲ್ಲ ಮೊದಲ ಅರ್ಧದಲ್ಲೇ ಮುಗಿಯಬೇಕು. ಕೊನೆಯ ಕೆಲವು ಸುತ್ತು ಆಳಕ್ಕೆ ಮಾತ್ರ ಮೀಸಲು. ಕೊನೆಗೆ ರೀಮರಿನಿಂದ ಬಂದ ಸಿಪ್ಪೆ ಹಿಟ್ಟಿನಷ್ಟು ಸಣ್ಣದಾಗಿತ್ತು. ಕಾಲನ್ನು ಹಾಕಿ ಅಂಗೈಯಿಂದ ಒಮ್ಮೆ ತಟ್ಟಿದರೆ ಕಚ್ಚಿಕೊಂಡು ನಿಲ್ಲುತ್ತಿತ್ತು. ಹೊರತೆಗೆಯಲು ಮೇಲಿನಿಂದ ಕೊಡತಿಯಲ್ಲಿ ತಟ್ಟಬೇಕಾಗುತ್ತಿತ್ತು.

ಕಾಲುಗಳ ನಡುವಿನ ಅಡ್ಡಗೋಲುಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ, ಅಲ್ಲಿ ಕಣ್ಣಿಗಿಂತ ರಬ್ಬರ್ ಬ್ಯಾಂಡಿನ ಕೆಲಸ ಹೆಚ್ಚು. ಕಾಲುಗಳನ್ನು ಅಂಟಿಲ್ಲದೆ ಸೀಟಿಗೆ ಹಾಕಿ, ಕುರ್ಚಿಯನ್ನು ತಲೆಕೆಳಗು ಮಾಡಿ, ಅಡ್ಡಗೋಲು ಬರುವ ಎತ್ತರಕ್ಕೆ ಎರಡು ಕಾಲುಗಳಿಗೂ ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿದರೆ ಕೊರೆಯಬೇಕಾದ ಗೆರೆ ಕಣ್ಣೆದುರೇ ಎಳೆದುಕೊಂಡಿರುತ್ತದೆ. ಬಿಟ್‌ಗೆ ಉದ್ದದ ಎಕ್ಸ್‌ಟೆನ್ಶನ್ ಹಾಕಿ, ಅದನ್ನು ಎದುರಿನ ಕಾಲಿಗೆ ತಾಗಿಸಿಕೊಂಡು ಕೊರೆದರೆ ಕೋನ ತಾನಾಗಿ ಬರುತ್ತದೆ. ಎಚ್ಚರ ಬೇಕಾದದ್ದು ಆಳಕ್ಕೆ. ತೂತು ಕಾಲಿನ ಆಚೆ ಬದಿಗೆ ಹೊರಬರಬಾರದು. ಅದಕ್ಕೇ ಇಲ್ಲಿ ಆಗರ್ ಬಿಟ್ ಬದಲು ಗಿಡ್ಡ ಮೊನೆಯ ಬಿಟ್ ಹಾಕಿ, ಆಳದ ಗುರುತಿಗೆ ಟೇಪ್ ಸುತ್ತಿದೆ.

ಬೆನ್ನಿನ ಕಡ್ಡಿಗಳಿಗೆ ಬಂದಾಗ ಕೆಲಸದ ಸ್ವಭಾವವೇ ಬದಲಾಗುತ್ತದೆ. ಕಾಲುಗಳಿಗೆ ಇದ್ದದ್ದು ಎರಡೇ ಬಗೆಯ ಕೋನ. ಏಳು ಕಡ್ಡಿಗಳು ಬೀಸಣಿಗೆಯ ಕಡ್ಡಿಗಳಂತೆ ಬಿಚ್ಚಿಕೊಳ್ಳುವುದರಿಂದ ನಡುವಿನದೊಂದನ್ನು ಬಿಟ್ಟು ಉಳಿದ ಮೂರು ಜೋಡಿಗೆ ಮೂರು ಕೋನ, ಮೂರು ನೋಟದ ಗೆರೆ. ನಡುವಿನ ಕಡ್ಡಿ ಹಿಂದಕ್ಕೆ 12 ಡಿಗ್ರಿ ವಾಲುತ್ತದೆ, ಪಕ್ಕಕ್ಕೆ ಇಲ್ಲ. ತುದಿಯ ಕಡ್ಡಿ ಹಿಂದಕ್ಕೂ 12, ಪಕ್ಕಕ್ಕೂ 12. ಅದರ ನೋಟದ ಗೆರೆ ಸರಿಯಾಗಿ 45 ಡಿಗ್ರಿಗೆ ಬಂದು, ನಿಜವಾದ ವಾಲು 17ರ ಹತ್ತಿರ ನಿಲ್ಲುತ್ತದೆ. ಒಂದೊಂದಕ್ಕೂ ಬೆವೆಲ್ ಹೊಂದಿಸಬಹುದು, ಮಾಡುವವರಿದ್ದಾರೆ. ಮೇಷ್ಟ್ರ ದಾರಿ ಇನ್ನೂ ಸರಳ. ಹಬೆಯಲ್ಲಿ ಬೇಯಿಸಿ ಬಗ್ಗಿಸಿ ಒಣಗಿಸಿದ ಕಮಾನನ್ನು ಮೊದಲು ಸೀಟಿನ ತೂತಿಗೆ ಕೂರಿಸಿ, ಹಿಂದಿನಿಂದ ಎರಡು ಕೋಲು ಊರಿ ಅದರ ಜಾಗದಲ್ಲಿ ನಿಲ್ಲಿಸಿದೆವು. ಕಡ್ಡಿಗಳು ಕಮಾನನ್ನು ಎಲ್ಲಿ ಸೇರಬೇಕು ಎಂಬ ಗುರುತನ್ನು ಕಣ್ಣಿಗೆ ಹಿತವಾಗುವಂತೆ ಹಾಕಿಕೊಂಡೆ. ಪಕ್ಕಪಕ್ಕದ ಕಡ್ಡಿಗಳ ನಡುವಿನ ಸಂದು ಕಮಾನಿನ ಮೇಲೆ ಸೀಟಿಗಿಂತ ಅಗಲವಿರಬೇಕು, ಆದರೆ ನಡುವಿನಿಂದ ತುದಿಗೆ ಹೋಗುವಾಗ ಎಲ್ಲೂ ಹಠಾತ್ತನೆ ಬದಲಾಗಬಾರದು. ಇದಕ್ಕೇ ಸಾಕಷ್ಟು ಹೊತ್ತು ಹಿಡಿಯಿತು, ಹಿಡಿಯಬೇಕು ಕೂಡ.

ಗುರುತು ಸಿಕ್ಕ ಮೇಲೆ ಉದ್ದದ ಬಿಟ್‌ನ ಕಂಬಿಯನ್ನು ಕಮಾನಿನ ಆ ಗುರುತಿಗೆ ಒರಗಿಸಿ, ಮೊನೆಯನ್ನು ಸೀಟಿನ ಗುರುತಿಗೆ ಊರಿದರೆ ಎರಡು ಬಿಂದುಗಳ ನಡುವೆ ಗೆರೆ ಒಂದೇ, ತಪ್ಪಲು ದಾರಿಯಿಲ್ಲ. ಕಂಬಿ ಕಮಾನಿನ ಮುಂದೆ ಹಾಯುತ್ತದೆ, ಕಡ್ಡಿ ಹೋಗಬೇಕಾದದ್ದು ಕಮಾನಿನ ನಡುವೆ. ಆ ಅರ್ಧ ದಪ್ಪದ ವ್ಯತ್ಯಾಸವನ್ನು ಸರಿದೂಗಿಸಲು ಕಮಾನನ್ನು ಅಷ್ಟೇ ಹಿಂದಕ್ಕೆ ಸರಿಸಿ ಕೋಲು ಊರಬೇಕು. ಸೀಟಿನಲ್ಲಿ 12 ಮಿ.ಮೀ. ಅಗಲ, 25 ಮಿ.ಮೀ. ಆಳ. ಇಲ್ಲಿ ಬ್ಯಾಟರಿ ಡ್ರಿಲ್ ಹಿಡಿದೆ. ಉದ್ದದ ಕಂಬಿ ಬ್ರೇಸ್‌ನಲ್ಲಿ ತೂಗಾಡುತ್ತದೆ.

ಕಮಾನಿನ ತೂತು ಎಲ್ಲಕ್ಕಿಂತ ಸೂಕ್ಷ್ಮ. ಕಮಾನಿನ ದಪ್ಪ 20 ಮಿ.ಮೀ., ತೂತು 10 ಮಿ.ಮೀ. ಎರಡೂ ಕಡೆ ಉಳಿಯುವ ಮರ ಐದೈದೇ ಮಿ.ಮೀ. ಅದೂ ಬಾಗಿದ ಮೈ, ಅದರಲ್ಲೂ ತುದಿಯ ಕಡ್ಡಿ ಕಮಾನನ್ನು ತೀರಾ ಓರೆಯಾಗಿ ಹಾಯುತ್ತದೆ, ಬಿಟ್ ಜಾರುವುದೇ ಅಲ್ಲಿ. ಕಡ್ಡಿಯನ್ನು ಸೀಟಿನ ತೂತಿಗೆ ಹಾಕಿ ಕಮಾನಿನ ಮುಂದೆ ನಿಲ್ಲಿಸಿ, ಅದರ ಎರಡೂ ಅಂಚಿನ ಗೆರೆಯನ್ನು ಕಮಾನಿನ ಮುಖದ ಮೇಲೆ ಪೆನ್ಸಿಲ್‌ನಿಂದ ಎಳೆದುಕೊಂಡೆ. ಆ ಜೋಡಿ ಗೆರೆಯ ನಡುವೆ ಬಿಟ್ ಹೋಗಬೇಕು. ಮೊದಲು ಆರದಿಂದ ಚುಚ್ಚಿ ಗುಳಿ ಮಾಡಿ, ಬಿಟ್ಟನ್ನು ಕಮಾನಿನ ಮೈಗೆ ನೆಟ್ಟಗೆ ಹಿಡಿದು ಬಾಯಿ ತೆಗೆದು, ತಿರುಗುತ್ತಿರುವಾಗಲೇ ಮೆಲ್ಲಗೆ ಗೆರೆಯ ಓರೆಗೆ ತಂದೆ. ಆಚೆ ಬದಿಯಲ್ಲಿ ನಿಂತ ಮೇಷ್ಟ್ರು, ಬಿಟ್‌ನ ಮೊನೆ ಸೀಟಿನ ತೂತಿನತ್ತ ನೋಡುತ್ತಿದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡಿ, "ಸ್ವಲ್ಪ ನಿಮ್ಮ ಕಡೆಗೆ, ಸಾಕು, ಹೋಗಲಿ" ಎನ್ನುತ್ತಿದ್ದರು. ಈ ತೂತಿಗೆ ಎರಡನೆಯ ಜೋಡಿ ಕಣ್ಣು ಇದ್ದರೆ ತುಂಬ ಒಳ್ಳೆಯದು. ಒಬ್ಬರೇ ಮಾಡುವವರು ಕನ್ನಡಿಯನ್ನು ಬಿಡಬಾರದು.

ಕಡ್ಡಿಯ ತುದಿಗಳನ್ನು ವರ್ನಿಯರ್ ಹಿಡಿದು ಅಳೆಯಬೇಡಿ ಎಂಬುದು ನನ್ನ ಸಲಹೆ. ಅದೇ ಬಿಟ್‌ನಿಂದ ಗಟ್ಟಿ ಮರದ ತುಂಡಿನಲ್ಲಿ ಒಂದು ತೂತು ಕೊರೆದು, ಆ ತೂತಿಗೆ ಬಿಗಿಯಾಗಿ ಕೂರುವ ತನಕ ಕೆರೆದು ಹೊಂದಿಸಿ. ಅದಕ್ಕೂ ಮೊದಲು ತುದಿಗಳನ್ನು ಹೀಟರ್ ಪಕ್ಕದಲ್ಲಿ ಚೆನ್ನಾಗಿ ಒಣಗಿಸಿರಬೇಕು. ಒಣಗಿದ ಕಡ್ಡಿ ಸೀಟಿನೊಳಗೆ ಹೋದ ಮೇಲೆ ಗಾಳಿಯ ತೇವ ಹೀರಿ ಉಬ್ಬುತ್ತದೆ, ಬಿಗಿ ಹೆಚ್ಚುತ್ತದೆ. ಕಾಲಿನ ತುದಿ ಬಿಗಿಯಾಗಲು ಸೀಟಿನ ಮೇಲಿನಿಂದ ಅದಕ್ಕೆ ಹೊಡೆಯುವ ಬೆಣೆಯನ್ನು ಸೀಟಿನ ಎಳೆಗೆ ಅಡ್ಡಲಾಗಿಯೇ ಹೊಡೆಯಬೇಕು. ಎಳೆಯ ಉದ್ದಕ್ಕೆ ಹೊಡೆದರೆ ಎಲ್ಮ್ ಆದರೂ ಬಾಯಿ ಬಿಟ್ಟೀತು.

ಕುರ್ಚಿ ಈಗ ಮನೆಯ ಕಿಟಕಿಯ ಪಕ್ಕದಲ್ಲಿದೆ. ಮುಂದೆ ಹಿಡಿಯಬೇಕೆಂದಿರುವುದು ತೋಳಿರುವ ಕುರ್ಚಿ. ಅದರಲ್ಲಿ ಕಡ್ಡಿ ಸೀಟಿನಿಂದ ಹೊರಟು, ತೋಳಿನ ಪಟ್ಟಿಯನ್ನು ತೂರಿ, ಕಮಾನಿಗೆ ಹೋಗಿ ಸೇರುತ್ತದೆ. ಮೂರು ತೂತು ಒಂದೇ ಗೆರೆಯಲ್ಲಿ ಬರಬೇಕು. ಸೀಟಿನಿಂದ ಕಮಾನಿನವರೆಗೆ ತಲುಪುವ ಉದ್ದದ ಎಕ್ಸ್‌ಟೆನ್ಶನ್ ತರಿಸಿಟ್ಟಿದ್ದೇನೆ, ಎಲ್ಮ್ ಹಲಗೆಗೆ ಮೇಷ್ಟ್ರ ಹತ್ತಿರ ಹೇಳಿಟ್ಟಿದ್ದೇನೆ.